ಬಳ್ಳಿಗೆ ಕಾಯಿ ಭಾರವೇ?

‘ಬಳ್ಳಿಗೆ ಕಾಯಿ ಭಾರವೇ’ ಎಂಬ ಗಾದೆ ಕಟ್ಟಿದವರು 1,278 ಕೆ.ಜಿ. ತೂಗುವ ಕುಂಬಳಕಾಯಿಯನ್ನು ನೋಡಿರಲಿಕ್ಕಿಲ್ಲ. 2025ರ ಅಕ್ಟೋಬರ್‌ನಲ್ಲಿ ವಿಶ್ವದಾಖಲೆ ಮಾಡಿದ ಕಾಯಿಯ ತೂಕವಿದು. ಬೆಳೆದವರು ಇಂಗ್ಲೆಂಡಿನ ಅವಳಿ ಸಹೋದರರಾದ ಇಯಾನ್ ಮತ್ತು ಸ್ಟುವರ್ಟ್ ಪ್ಯಾಟನ್. ನಮ್ಮ ಓಣಿಯಲ್ಲಿ ನಿಲ್ಲುವ ಆಲ್ಟೊ ಕಾರಿಗಿಂತ ಭಾರ! ಇಷ್ಟು ದೊಡ್ಡ ಕಾಯಿ ಬರುವುದಾದರೂ ಹೇಗೆ ಎಂಬ ಕುತೂಹಲವೇ ನನ್ನನ್ನು ಪುಸ್ತಕದಿಂದ ಎಬ್ಬಿಸಿ ಧಾರವಾಡದ ನಮ್ಮ ಮನೆಯ ಹಿತ್ತಲಿಗೆ ಕರೆತಂದಿತು.

ದೈತ್ಯ ಕಾಯಿಗಳು ಕುಕುರ್ಬಿಟಾ ಮ್ಯಾಕ್ಸಿಮಾ ಎಂಬ ಪ್ರಭೇದದವು. ಕೆನಡಾದ ರೈತ ಹೊವಾರ್ಡ್ ಡಿಲ್ ವರ್ಷಗಟ್ಟಲೆ ಬೀಜ ಆರಿಸಿ ಆರಿಸಿ ರೂಪಿಸಿದ ‘ಅಟ್ಲಾಂಟಿಕ್ ಜೈಂಟ್’ ಇವುಗಳ ಮೂಲ ತಳಿ. ನಮ್ಮ ಕಡೆ ಹೆಚ್ಚಾಗಿ ಬೆಳೆಯುವುದು ಕುಕುರ್ಬಿಟಾ ಮಾಸ್ಕಾಟಾ. ತೊಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮ್ಯಾಕ್ಸಿಮಾದ ತೊಟ್ಟು ದುಂಡಗೆ, ಬೆಂಡಿನಂತೆ ಇರುತ್ತದೆ. ಮಾಸ್ಕಾಟಾದ ತೊಟ್ಟು ಗಟ್ಟಿ, ಏಣುಗಳುಳ್ಳದ್ದು, ಕಾಯಿ ಸೇರುವಲ್ಲಿ ಅಗಲ. ಹಾಗಂತ ಮ್ಯಾಕ್ಸಿಮಾ ಎಲ್ಲವೂ ದೈತ್ಯವಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಸೂರ್ಯಮುಖಿ’ ಅದೇ ಪ್ರಭೇದದ್ದು, ಕಾಯಿ ಮಾತ್ರ ಸುಮಾರು ಒಂದು ಕೆ.ಜಿ.!

ಹಾಗಾದರೆ ಗುಟ್ಟು ಎಲ್ಲಿದೆ? ದೈತ್ಯ ಬಳ್ಳಿಯ ಎಲೆಗಳು ಹೆಚ್ಚು ಆಹಾರ ತಯಾರಿಸುತ್ತವೆ ಎಂದೇ ನಾನು ಊಹಿಸಿದ್ದೆ. 2015ರಲ್ಲಿ ಹಾರ್ವರ್ಡ್‌ನ ಜೆಸ್ಸಿಕಾ ಸ್ಯಾವೇಜ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಎಲೆಗಳ ದ್ಯುತಿಸಂಶ್ಲೇಷಣೆಯ ವೇಗದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ಫ್ಲೋಯಂನಲ್ಲಿ, ಅಂದರೆ ಎಲೆಯ ಸಕ್ಕರೆಯನ್ನು ಕಾಯಿಗೆ ಸಾಗಿಸುವ ಅಂಗಾಂಶದಲ್ಲಿ. ದೈತ್ಯ ತಳಿಗಳಲ್ಲಿ ಅದು ಹೆಚ್ಚಾಗಿತ್ತು. ಅಡುಗೆಮನೆ ಅದೇ, ಬಡಿಸುವ ದಾರಿ ಅಗಲವಾಗಿದೆ, ಅಷ್ಟೇ. ಅದಕ್ಕೇ ಭರದ ದಿನಗಳಲ್ಲಿ ದೈತ್ಯ ಕಾಯಿ ದಿನಕ್ಕೆ 15 ಕೆ.ಜಿ.ಗೂ ಹೆಚ್ಚು ತೂಕ ಏರಿಸಿಕೊಳ್ಳಬಲ್ಲದು.

ತಳಿಯ ಗುಣ ನಮ್ಮ ಕೈಲಿಲ್ಲ, ಆರೈಕೆ ಇದೆಯಲ್ಲ! ಜನವರಿಯಲ್ಲಿ ಮನೆಯ ನಾಟಿ ಬೀಜದಿಂದಲೇ ಎರಡು ಬಳ್ಳಿ ಹಬ್ಬಿಸಿದೆ. ಒಂದನ್ನು ತನ್ನ ಪಾಡಿಗೆ ಬಿಟ್ಟೆ. ಇನ್ನೊಂದಕ್ಕೆ ದೈತ್ಯ ಬೆಳೆಗಾರರ ಕ್ರಮ ಅನುಸರಿಸಿದೆ. ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಿದೆ. ಬಳ್ಳಿಯ ಗೆಣ್ಣುಗಳ ಮೇಲೆ ಮಣ್ಣು ಮುಚ್ಚಿದರೆ ಅಲ್ಲಿಯೂ ಬೇರು ಬಿಡುತ್ತದೆ, ನೀರು–ಪೋಷಕಾಂಶಕ್ಕೆ ಹೊಸ ಬಾಯಿ ಸಿಕ್ಕಂತೆ. ಬೆಳಗಿನ ಜಾವ ಗಂಡು ಹೂ ಕಿತ್ತು, ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣು ಹೂವಿಗೆ ಪರಾಗ ಸವರಿದೆ. ನಮ್ಮದು ಎರೆಮಣ್ಣು, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಹಾಗಾಗಿ ಮೇಲೆ ಕಸಕಡ್ಡಿ ಹೊದಿಸಿ, ನೀರನ್ನು ಒಮ್ಮೆಲೇ ಸುರಿಯದೆ ಹದವಾಗಿ ಕೊಟ್ಟೆ. ನೀರು ಏರುಪೇರಾದರೆ ಕಾಯಿ ಸೀಳುತ್ತದೆ. ಕಾಯಿಯ ಕೆಳಗೆ ಉಸುಕು ಹಾಸಿದೆ. ಬಿಸಿಲಿಗೆ ಸಿಪ್ಪೆ ಬೇಗ ಗಟ್ಟಿಯಾಗದಿರಲೆಂದು ಮೇಲೆ ಹಳೆ ಸೀರೆಯ ನೆರಳು ಕಟ್ಟಿದೆ.

ಎಲ್ಲಕ್ಕಿಂತ ಮುಖ್ಯ ನಿಯಮ: ಬಳ್ಳಿಗೆ ಒಂದೇ ಕಾಯಿ. ಉಳಿದ ಹೀಚುಗಳನ್ನು ಚಿವುಟಬೇಕು. ನಾನು ಚಿವುಟುವಾಗ ಅಜ್ಜಿ ಕಟ್ಟೆಯ ಮೇಲಿಂದಲೇ ಗದರಿದಳು: ‘ಯಾಕ್ ತಮ್ಮಾ, ಹೀಚು ಹರದು ಒಗ್ಯಾಕತ್ತಿ? ಕಾಯಿ ಭಾರ ಆಗೈತಿ ಅಂತ ಬಳ್ಳಿ ಬಂದು ನಿನ್ನ ಮುಂದ ಹೇಳೈತೇನು?’ ಸಕ್ಕರೆಯೆಲ್ಲ ಒಂದಕ್ಕೇ ಹೋದರೆ ಅದು ದೊಡ್ಡದಾಗುತ್ತದೆ ಎಂದು ವಿವರಿಸಿದೆ. ‘ಉಳಿದವು ಏನ್ ಪಾಪ ಮಾಡ್ಯಾವು?’ ಎಂದಳು. ಅದಕ್ಕೆ ವಿಜ್ಞಾನದಲ್ಲಿ ನನಗೆ ಉತ್ತರ ಸಿಗಲಿಲ್ಲ.

ಏಪ್ರಿಲ್ ಕೊನೆಗೆ ತೂಗಿದೆವು. ಆರೈಕೆಯ ಬಳ್ಳಿಯಲ್ಲಿ 16 ಕೆ.ಜಿ.ಯ ಒಂದೇ ಕಾಯಿ. ನೋಡಲು ಓಣಿಯವರೆಲ್ಲ ಬಂದರು, ಮೊಬೈಲುಗಳಲ್ಲಿ ಫೋಟೊ ತುಂಬಿದವು. ಸುಮ್ಮನೆ ಬಿಟ್ಟ ಬಳ್ಳಿಯಲ್ಲಿ ಆರು ಕಾಯಿ, ಒಟ್ಟು 25 ಕೆ.ಜಿ. ದೊಡ್ಡದನ್ನು ಕೊಯ್ದ ಮೇಲೆ ಇಡುವಂತಿಲ್ಲವಲ್ಲ, ಎರಡೇ ದಿನದಲ್ಲಿ ಹೋಳು ಮಾಡಿ ಹಂಚಿದೆವು. ಚಿಕ್ಕವು ತೊಟ್ಟಿನ ಸಮೇತ ಅಟ್ಟದ ಮೇಲಿವೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಬೇಕೆಂದಾಗ ಒಂದು ಇಳಿಸಿದರೆ ಪಲ್ಯವೂ ಆಯಿತು, ಗಾರಿಗೆಯೂ ಆಯಿತು.

ದಾಖಲೆಗೆ ಬೆಳೆಯುವವರನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಬಳ್ಳಿಯ ಮೈಯನ್ನು ಅವರಷ್ಟು ಬಲ್ಲವರು ಕಡಿಮೆ. ಮಣ್ಣು ಮುಚ್ಚುವುದು, ಹದವಾಗಿ ನೀರು ಕೊಡುವುದು, ಕೈಯಿಂದ ಪರಾಗ ಸವರುವುದು ಯಾವ ಕುಂಬಳಕ್ಕೂ ಒಳ್ಳೆಯದೇ. ಮುಂದಿನ ಸಲ ಅಷ್ಟನ್ನೂ ಎರಡೂ ಬಳ್ಳಿಗೆ ಮಾಡುತ್ತೇನೆ. ಚಿವುಟುವುದನ್ನು ಮಾತ್ರ ಬಿಡುತ್ತೇನೆ.

ಈ ಊರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಸಾವಿರಾರು ಹುಡುಗರಲ್ಲಿ ನಾನೂ ಒಬ್ಬ. ಎರಡು ವರ್ಷದಿಂದ ಮನೆಯ ದುಡಿಮೆಯ ಸಿಹಿಯೆಲ್ಲ ನನ್ನ ಕೋಚಿಂಗಿಗೇ ಹರಿಯುತ್ತಿದೆ. ತಂಗಿಯ ಡಿಗ್ರಿ ವಿಷಯ ಬಂದಾಗ ‘ಮುಂದಿನ ವರ್ಷ ನೋಡೋಣ’ ಎಂಬ ಮಾತು. ಈ ಬಾರಿ ಮೊದಲು ಅವಳ ಫೀ ಕಟ್ಟಿ ಎಂದು ಅಪ್ಪನಿಗೆ ಹೇಳಿದ್ದೇನೆ. ನಾನು ಸಂಜೆ ಹುಡುಗರಿಗೆ ಟ್ಯೂಷನ್ ಹೇಳಿಕೊಟ್ಟು ಓದುತ್ತೇನೆ. ಅಪ್ಪ ಇನ್ನೂ ಹೂಂ ಅಂದಿಲ್ಲ. ತಂಗಿ ಮಾತ್ರ ಕಾಲೇಜಿನ ಅರ್ಜಿ ತಂದಿಟ್ಟಿದ್ದಾಳೆ.