ತೀರ್ಥಹಳ್ಳಿಯ ಕಾಲುದಾರಿಗಳು

ಚಾರಣ ಎಂದಕೂಡಲೇ ಹಲವರಿಗೆ ನೆನಪಾಗುವುದು ಕೊಡಚಾದ್ರಿ, ಕುಮಾರಪರ್ವತದಂಥ ಏರುಗಳು. ಬೆನ್ನಿಗೆ ಚೀಲ, ಕೈಯಲ್ಲಿ ಕೋಲು, ತುದಿ ಮುಟ್ಟಿದ ಮೇಲೆ ಒಂದು ಫೋಟೊ. ಮಲೆನಾಡಿನವರಿಗೆ ಮಾತ್ರ ನಡಿಗೆ ಎಂದೂ ಸಾಹಸವಾಗಿರಲಿಲ್ಲ. ಶಾಲೆಗೆ, ಸಂತೆಗೆ, ನೆಂಟರ ಮನೆಗೆ, ಸೊಪ್ಪು ಕೊಯ್ಯಲು ಬೆಟ್ಟಕ್ಕೆ ಎಲ್ಲದಕ್ಕೂ ಕಾಲೇ ವಾಹನವಾಗಿತ್ತು. ಆ ನಡಿಗೆ ಉಳಿಸಿಹೋದ ದಾರಿಗಳು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯ ಸುತ್ತ ಇನ್ನೂ ಅಲ್ಲಲ್ಲಿ ಇವೆ. ಮಕ್ಕಳು, ವಯಸ್ಸಾದವರು ಕೂಡ ಬೆಳಗಿನ ಹೊತ್ತಿನಲ್ಲಿ ಸುಲಭವಾಗಿ ನಡೆದು ಬರಬಹುದಾದ ದಾರಿಗಳು ಇವು.

ಬಯಲುಸೀಮೆಯಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಮನೆಗಳ ಗುಂಪು. ಅದರ ಸುತ್ತ ಹೊಲ, ನಡುವೆ ಬಂಡಿಜಾಡು. ಮಲೆನಾಡಿನ ಲೆಕ್ಕ ಬೇರೆ. ಇಲ್ಲಿ ಮನೆ ಇರುವುದು ಅವರವರ ತೋಟ, ಗದ್ದೆಯ ಪಕ್ಕದಲ್ಲಿ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡವೋ ಹಳ್ಳವೋ ಅಡ್ಡ. ಹಾಗಾಗಿ ಮನೆಯಿಂದ ಮನೆಗೆ, ಮನೆಯಿಂದ ಕಾಡಿಗೆ ಜೇಡರಬಲೆಯಂತೆ ಕಾಲುದಾರಿಗಳು ಹಬ್ಬಿದವು. ಅಡಿಕೆ ತೋಟಕ್ಕೆ ಹಸಿರೆಲೆ ಗೊಬ್ಬರ ಬೇಕು. ಅದಕ್ಕೆಂದೇ ತೋಟದವರಿಗೆ ಬಿಟ್ಟುಕೊಟ್ಟ ಕಾಡು ಸೊಪ್ಪಿನಬೆಟ್ಟ. ಅದರಾಚೆ ಹುಲ್ಲು ಬೆಳೆಯುವ ಬ್ಯಾಣ. ಇನ್ನೂ ಆಚೆಗೆ ಬಿಸಿಲು ನೆಲಕ್ಕೆ ಬೀಳದ ನಿತ್ಯಹಸಿರಿನ ಕಾನು. ಇವೆಲ್ಲವನ್ನೂ ಹೊಲಿದಂತೆ ಕೂಡಿಸಿದ್ದು ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗಬಹುದಾದ ಕಿರಿದಾದ ಜಾಡು.

ಈ ದಾರಿಗಳಿಗೆ ತಮ್ಮದೇ ಸಲಕರಣೆಗಳುಂಟು. ಬೇಲಿ ಬಂದಲ್ಲಿ ತಡಬೆ. ಮನುಷ್ಯ ಹತ್ತಿ ದಾಟಬಹುದು, ದನ ದಾಟಲಾರದು. ಗಾಡಿ, ದನ ಹಾಯುವ ಕಡೆ ಉಣುಗೋಲು. ಅಡ್ಡಗಳುಗಳನ್ನು ಸರಿಸಿ ಹಾದು, ಮತ್ತೆ ಎಳೆದು ಮುಚ್ಚಬೇಕು. ಹಳ್ಳಕ್ಕೆ ಅಡಿಕೆ ಮರದ ದಬ್ಬೆ ಹಾಸಿದ ಸಂಕ, ಹೊಳೆಗೆ ದೋಣಿಗಂಡಿ. ದಾಟಿದ ಮೇಲೆ ಉಣುಗೋಲು ಮುಚ್ಚದೆ ಹೋಗುವುದು ಇಂದಿಗೂ ಹಳ್ಳಿಗರ ಸಿಟ್ಟಿಗೆ ಕಾರಣ. ಪೇಟೆಯಿಂದ ಬರುವವರು ಕಲಿಯಬೇಕಾದ ಮೊದಲ ಪಾಠ ಇದೇ ಇರಬೇಕು.

ಹೊಳೆಯ ದಂಡೆ

ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಶೃಂಗೇರಿಯನ್ನು ಹಾದು ತೀರ್ಥಹಳ್ಳಿಗೆ ಬರುತ್ತಾಳೆ. ಮುಂದೆ ಮಂಡಗದ್ದೆ, ಗಾಜನೂರು, ಶಿವಮೊಗ್ಗ ದಾಟಿ ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತಾಳೆ. ತೀರ್ಥಹಳ್ಳಿಯಲ್ಲಿ ಹೊಳೆಯ ಪಾತ್ರವೆಲ್ಲ ಬಂಡೆ. ಮಳೆಗಾಲ ಕಳೆದು ನೀರು ಇಳಿದ ಮೇಲೆ ರಾಮೇಶ್ವರ ದೇವಸ್ಥಾನದ ಬಳಿ ಈ ಬಂಡೆಗಳು ಮೇಲೆದ್ದು ನಿಲ್ಲುತ್ತವೆ. ದೇವಸ್ಥಾನದಿಂದ ಹೊಳೆಗಿಳಿದು, ದಂಡೆ ಹಿಡಿದು ಹಳೆಯ ಕಮಾನು ಸೇತುವೆಯವರೆಗೆ ಹೋಗುವುದು ಊರಿನ ಅತ್ಯಂತ ಸುಲಭದ ನಡಿಗೆ. ಸೇತುವೆ ದಾಟಿದರೆ ಕುರುವಳ್ಳಿ.

ಊರಿಗೆ ಹೆಸರು ತಂದ ತೀರ್ಥ ಇಲ್ಲಿಯದೇ. ತಾಯಿಯ ತಲೆ ಕಡಿದ ಪರಶುರಾಮ ತನ್ನ ಕೊಡಲಿಯ ರಕ್ತವನ್ನು ಎಲ್ಲೆಲ್ಲೋ ತೊಳೆದ; ಎಳ್ಳುಕಾಳಿನಷ್ಟು ಕಲೆ ಮಾತ್ರ ಹೋಗಲೊಲ್ಲದು; ಅದು ಕರಗಿದ್ದು ಈ ನೀರಿನಲ್ಲಿ ಎಂಬುದು ಸ್ಥಳಪುರಾಣ. ಮಾರ್ಗಶಿರ ಮಾಸದ ಎಳ್ಳಮಾವಾಸ್ಯೆಯಂದು ಇಲ್ಲಿ ಮುಳುಗು ಹಾಕಲು ಸಾವಿರಾರು ಜನ ಸೇರುತ್ತಾರೆ. ಜಾತ್ರೆಯ ದಿನಗಳಲ್ಲಿ ದಂಡೆಯ ಮೇಲೆ ಕಾಲಿಡಲೂ ಜಾಗವಿರದು. ನಡಿಗೆಗೆಂದು ಬರುವವರು ಒಂದು ವಾರ ತಡವಾಗಿ ಬಂದರೆ ಒಳ್ಳೆಯದು.

ಹೊಳೆಯ ನಡುವಿನ ಬಂಡೆಯ ಮೇಲಿರುವ ಕಲ್ಲಿನ ರಾಮಮಂಟಪ ಊರಿನವರ ಮಳೆಮಾಪಕ. ಜುಲೈ, ಆಗಸ್ಟ್ ತಿಂಗಳಲ್ಲಿ ‘ಮಂಟಪ ಮುಳುಗಿತಂತೆ’ ಎಂಬ ಸುದ್ದಿ ಬಂದರೆ ಮೇಲೆ ಶೃಂಗೇರಿ, ಆಗುಂಬೆಯ ಕಡೆ ಮಳೆ ಹೇಗಿದೆ ಎಂದು ಬೇರೆ ಹೇಳಬೇಕಾಗಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಮೊದಲಿನಿಂದಲೂ ಗುತ್ತಿಯ ಹಿಂದೆ ನಡೆದು ಬಂದ ಹುಲಿಯ ಎಂಬ ನಾಯಿ ಕೊನೆಗೆ ಕೊಚ್ಚಿಹೋಗುವುದು ಇದೇ ತುಂಗೆಯ ನೆರೆಯಲ್ಲಿ. ಬೇಸಿಗೆಯಲ್ಲೂ ಹೊಳೆಯನ್ನು ಹಗುರವಾಗಿ ಎಣಿಸುವಂತಿಲ್ಲ. ಮೇಲೆ ಶಾಂತವಾಗಿ ಕಾಣುವ ಮಡುಗಳು ಬಂಡೆಯ ಬುಡದಲ್ಲಿ ಬಹಳ ಆಳ. ದಂಡೆಯ ಮೇಲೆ ನಡೆಯಬೇಕೇ ಹೊರತು ಗುರುತಿಲ್ಲದ ಕಡೆ ನೀರಿಗಿಳಿಯಬಾರದು.

ಈ ಮಡುಗಳ ಉಪಯೋಗ ಏನೆಂದು ತಿಳಿಯಲು ಪಟ್ಟಣದಿಂದ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಚಿಬ್ಬಲಗುಡ್ಡೆಗೆ ಹೋಗಬೇಕು. ಅಲ್ಲಿ ಹೊಳೆಯ ದಂಡೆಯಲ್ಲಿ ಸಿದ್ಧಿವಿನಾಯಕನ ಗುಡಿ, ಅದರ ಕೆಳಗೆ ಮತ್ಸ್ಯಧಾಮ. ಮಂಡಕ್ಕಿ ಎರಚಿದರೆ ಮೊಳದುದ್ದದ ಮೀನುಗಳು ಮೈಮೇಲೆ ಮೈ ಬಿದ್ದು ಮೇಲೇಳುತ್ತವೆ. ದೇವರ ಮೀನು ಎಂಬ ನಂಬಿಕೆಯಿಂದ ಇಲ್ಲಿ ಯಾರೂ ಬಲೆ ಹಾಕರು. ಇವುಗಳಲ್ಲಿ ಮುಖ್ಯವಾದ ಮಹಶೀರ್ ಮಳೆಗಾಲದಲ್ಲಿ ಹೊಸನೀರಿಗೆ ಎದುರಾಗಿ ಈಜಿ, ಕಲ್ಲುಗೊಚ್ಚಿನ ಓಡುನೀರಿನಲ್ಲಿ ಮೊಟ್ಟೆಯಿಡುವ ಮೀನು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಅದಕ್ಕೆ ಆಳದ ಮಡುವೇ ಆಸರೆ. ಆ ಹೊತ್ತಿನಲ್ಲಿ ಒಂದೆಡೆ ಸೇರುವ ಮೀನನ್ನು ಹಿಡಿಯುವುದೂ ಸುಲಭ, ನೀರಿಗೆ ವಿಷ ಬೆರೆತರೆ ಸಾಯುವುದೂ ಬೇಗ. ಹಿಂದಿನವರು ಈ ಲೆಕ್ಕವನ್ನೆಲ್ಲ ಹಾಕಿಯೇ ಮಡುವನ್ನು ದೇವರಿಗೆ ಬಿಟ್ಟರೋ ಹೇಗೋ, ಫಲ ಮಾತ್ರ ಕಣ್ಣೆದುರಿಗಿದೆ. ಹೊಳೆಯ ನೀರು ಕೆಡುತ್ತಿರುವ ಬಗ್ಗೆ ಎಚ್ಚರಿಸಲು 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಪಾದಯಾತ್ರೆಯೂ ಹೊರಟಿತ್ತು.

ಕವಿಶೈಲದ ಏರು

ಪೇಟೆಗೆ ಅಂಟಿಕೊಂಡೇ ಆನಂದಗಿರಿ, ಸಿದ್ಧೇಶ್ವರ ಗುಡ್ಡಗಳಿವೆ. ಸಂಜೆಯ ಹೊತ್ತು ಹತ್ತಿ ಇಳಿಯಲು ಸಾಕಷ್ಟಾಯಿತು. ಕಾಡಿನೊಳಗಿನ ನಡಿಗೆ ಬೇಕೆಂದರೆ ಕೊಪ್ಪದ ರಸ್ತೆಯಲ್ಲಿ ಗಡಿಕಲ್ಲಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕುಪ್ಪಳಿಗೆ ನಡೆಯುವುದು ಲೇಸು. ಕಾರಿನಲ್ಲಿ ಮನೆಯ ಬಾಗಿಲಿಗೇ ಹೋಗಿ ಇಳಿಯುವವರಿಗೆ ಈ ದಾರಿ ಸಿಗದು. ಕವಿಮನೆಯ ತೊಟ್ಟಿ, ಮುಂಡಿಗೆಗಳನ್ನು ನೋಡಿ ಹಿಂದಿನ ಗುಡ್ಡವನ್ನು ಕಾಲು ಗಂಟೆ ಏರಿದರೆ ಕವಿಶೈಲ. ಅಲ್ಲಿಯ ಹಾಸುಬಂಡೆಯ ಮೇಲೆ ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು 1936ರಲ್ಲಿ ಕೊರೆದ ಹೆಸರುಗಳಿವೆ. ಗುರುಗಳಿಬ್ಬರೂ ಶಿಷ್ಯನ ಜತೆ ಇದೇ ಏರನ್ನು ಹತ್ತಿ ಬಂದಿದ್ದರು. 1994ರ ನವೆಂಬರಿನಲ್ಲಿ ತೀರಿಕೊಂಡ ಕವಿಯ ಸಮಾಧಿ ಇರುವುದೂ ಇಲ್ಲಿಯೇ. ಈಗ ನಿಲ್ಲಿಸಿರುವ ದೊಡ್ಡ ಕಲ್ಲುಗಳ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಪಶ್ಚಿಮಕ್ಕೆ ಅಲೆಅಲೆಯಾಗಿ ಕಾಣುವ ಮಲೆಯ ಬಗ್ಗೆ ಇರಲಾರದು.

ಕಾಡಿನ ದಾರಿಗೆ ಕಾಲದ ಕಟ್ಟಳೆ ಇದೆ. ಮಳೆಗಾಲದಲ್ಲಿ ಉಂಬಳ, ಸುಣ್ಣ, ಹೊಗೆಸೊಪ್ಪು ಜತೆಗಿದ್ದರೆ ಆಯಿತು. ಉಣ್ಣೆಯ ಮಾತು ಹಾಗಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣ್ಣೆಯ ಕಡಿತದಿಂದ. ಡಿಸೆಂಬರಿನಿಂದ ಮೇವರೆಗೆ ಇದರ ಕಾಟ ಹೆಚ್ಚು. ತೀರ್ಥಹಳ್ಳಿ ತಾಲ್ಲೂಕಿಗೂ ಇದು ಹೊಸತಲ್ಲ. ಕಾಡಿಗಿಳಿಯುವ ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಡೇಪಾ ಎಣ್ಣೆ ಹಚ್ಚಿಕೊಂಡು, ತರಗೆಲೆಯ ಮೇಲೆ ಕೂರದೆ ಬರಬೇಕು. ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ತಲೆ ಹಾಕಲೇಬಾರದು.

ಕಾಲುದಾರಿಗಳು ಕಡಿಮೆಯಾಗುತ್ತಿರುವುದಕ್ಕೆ ಕಾರಣ ಒಂದೇ ಅಲ್ಲ. ಮನೆಮನೆಗೆ ರಸ್ತೆ, ಬೈಕು ಬಂದವು. ಅಡಿಕೆ ತೋಟ ಬ್ಯಾಣ, ಬೆಟ್ಟಗಳಿಗೂ ಏರಿತು. ತಡಬೆ ಇದ್ದ ಕಡೆ ತಂತಿಬೇಲಿ ಬಂತು. ಕಾಗದದ ಕಾರ್ಖಾನೆಗೆಂದು ಮಲೆನಾಡಿನ ಗುಡ್ಡಗಳಲ್ಲಿ ಅಕೇಶಿಯಾ ಎದ್ದಿತು. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ಗೆ 1980ರಲ್ಲಿ ಕೊಟ್ಟಿದ್ದ 40 ವರ್ಷದ ಗುತ್ತಿಗೆ 2020ರಲ್ಲಿ ಮುಗಿದು, ಸರ್ಕಾರ ಅದನ್ನು ಮುಂದುವರಿಸಲು ಹೊರಟಾಗ ಮಲೆನಾಡಿನಲ್ಲಿ ದೊಡ್ಡ ವಿರೋಧವೇ ಎದ್ದಿತು. ಅಕೇಶಿಯಾದ ತರಗು ಹಾಸಿದ ನೆಲದಲ್ಲಿ ಹುಲ್ಲಿಲ್ಲ, ಹಣ್ಣಿಲ್ಲ. ಅತ್ತ ಹೋಗುವವರಿಗೆ ಕೆಲಸವೂ ಇಲ್ಲ.

ದಾರಿ ಯಾರದು ಎಂಬ ಜಗಳ ಆಗಾಗ ತಾಲ್ಲೂಕು ಕಚೇರಿಯ ಮೆಟ್ಟಿಲೇರುತ್ತದೆ. ಕಂದಾಯ ಇಲಾಖೆಯ ಗ್ರಾಮನಕ್ಷೆಯಲ್ಲಿ ಗುರುತಾದದ್ದು ‘ನಕಾಶೆ ಕಂಡ ದಾರಿ’. ಅದನ್ನು ಮುಚ್ಚಿದರೆ ತಹಶೀಲ್ದಾರರು ತೆರವು ಮಾಡಿಸಬಹುದು. ಮಲೆನಾಡಿನ ಹೆಚ್ಚಿನ ಜಾಡುಗಳು ನಕ್ಷೆ ಹತ್ತಿದವಲ್ಲ, ರೂಢಿಯಿಂದ ಬಂದವು. ಖಾಸಗಿ ಜಮೀನಿನ ಮೂಲಕ 20 ವರ್ಷ ಬಿಡದೆ, ಬಹಿರಂಗವಾಗಿ, ಹಕ್ಕಿನಿಂದ ಓಡಾಡಿದ್ದರೆ ನೆರೆಯ ಜಮೀನಿನವರಿಗೆ ದಾರಿಯ ಹಕ್ಕು ಬರುತ್ತದೆ ಎನ್ನುತ್ತದೆ 1882ರ ಅನುಭೋಗ ಹಕ್ಕುಗಳ ಕಾಯಿದೆ. ಅದೇ ಕಾಯಿದೆಯ ಪ್ರಕಾರ ಸತತ 20 ವರ್ಷ ಯಾರೂ ಓಡಾಡದಿದ್ದರೆ ಬಂದ ಹಕ್ಕೂ ಹೋಗುತ್ತದೆ. ಪ್ರವಾಸಿಗೆ ಇದರಿಂದ ಯಾವ ಹಕ್ಕೂ ಬಾರದು. ಅವನು ಅಂಗಳದಲ್ಲಿ ನಿಂತು ‘ಅಮ್ಮಾ, ಹೀಗೆ ಹೋಗಬಹುದಾ?’ ಎಂದು ಕೇಳಿಯೇ ಹೋಗಬೇಕು. ಹಾಗೆ ಕೇಳಿದವರಿಗೆ ದಾರಿಯ ಜತೆ ಒಂದು ಲೋಟ ಮಜ್ಜಿಗೆಯೂ ಸಿಗುವ ಮನೆಗಳು ಇನ್ನೂ ಇವೆ.

ಮಳೆಗಾಲದಲ್ಲೇ ಬರುವವರಿಗೆ ಮಂಡಗದ್ದೆ ಇದೆ. ಶಿವಮೊಗ್ಗದ ರಸ್ತೆಯಲ್ಲಿ ಸರಿಸುಮಾರು ಅರ್ಧದಾರಿ. ಹೊಳೆಯ ನಡುವಿನ ಪುಟ್ಟ ದ್ವೀಪದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವ ಕಾಲ ಜುಲೈಯಿಂದ ಮುಂದಕ್ಕೆ. ಸುತ್ತ ಕೆಂಪು ನೀರು ಏರಿದಷ್ಟೂ ಗೂಡಿಗೆ ಕಾವಲು. ರಸ್ತೆಬದಿಯಿಂದಲೇ ಎಲ್ಲವೂ ಕಾಣುತ್ತದೆ, ಕೊಡೆಯೊಂದಿದ್ದರೆ ಸಾಕು.