ನೆಲಮಾಳಿಗೆಯಲ್ಲಿಟ್ಟ ಪ್ರತಿ

ಹ್ಯೂಸ್ಟನ್ ನಗರದಲ್ಲಿ ಆಸ್ಪತ್ರೆಗಳೂ ವೈದ್ಯಕೀಯ ಕಾಲೇಜುಗಳೂ ಒಂದಕ್ಕೊಂದು ತಾಗಿಕೊಂಡಂತೆ ನಿಂತಿರುವ ಪ್ರದೇಶವೊಂದಿದೆ. ಟೆಕ್ಸಸ್ ಮೆಡಿಕಲ್ ಸೆಂಟರ್ ಎಂದು ಅದರ ಹೆಸರು. ಜಗತ್ತಿನ ಅತಿ ದೊಡ್ಡ ವೈದ್ಯಕೀಯ ಸಂಕೀರ್ಣವೆಂಬ ಖ್ಯಾತಿ ಅದಕ್ಕಿದೆ. 2001ರ ಜೂನ್ 8ರ ರಾತ್ರಿ ‘ಆಲಿಸನ್’ ಎಂಬ ಚಂಡಮಾರುತ ಅದರ ಮೇಲೆ ಮಳೆ ಸುರಿಯಿತು. ಗಾಳಿಯ ಲೆಕ್ಕದಲ್ಲಿ ಅದು ‘ಹರಿಕೇನ್’ ಎನಿಸಿಕೊಳ್ಳುವ ದರ್ಜೆಗೂ ಏರಿದ್ದಲ್ಲ. ಆದರೂ ಅದು ಮಾಡಿದ ಹಾನಿಯನ್ನು ಕಂಡು ಆ ಹೆಸರನ್ನು ಮತ್ತಾವ ಚಂಡಮಾರುತಕ್ಕೂ ಇಡಕೂಡದೆಂದು ನಿವೃತ್ತಿಗೊಳಿಸಲಾಯಿತು.

ಬೆಳಗಾಗುವಷ್ಟರಲ್ಲಿ ನೆಲಮಾಳಿಗೆಗಳು ಕೆರೆಗಳಾಗಿದ್ದವು. ಬೇಲರ್ ವೈದ್ಯಕೀಯ ಕಾಲೇಜು ಮತ್ತು ಟೆಕ್ಸಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಗಳ ಪ್ರಯೋಗಾಲಯಗಳಲ್ಲಿ ಸಾವಿರಾರು ಪ್ರಾಣಿಗಳು ಮುಳುಗಿ ಸತ್ತವು. ವರ್ಷಗಟ್ಟಲೆ ಶ್ರಮಪಟ್ಟು ಸಂಗ್ರಹಿಸಿದ್ದ ಅಂಗಾಂಶದ ಮಾದರಿಗಳು ಶೀತಲ ಪೆಟ್ಟಿಗೆಗಳಲ್ಲೇ ಹಾಳಾದವು. ಮೆಮೋರಿಯಲ್ ಹರ್ಮನ್ ಆಸ್ಪತ್ರೆಯಲ್ಲಿ ವಿದ್ಯುತ್ ಹೋಗಿ ಐನೂರಕ್ಕೂ ಹೆಚ್ಚು ರೋಗಿಗಳನ್ನು ಸ್ಥಳಾಂತರಿಸಬೇಕಾಯಿತು. ಉಸಿರಾಟದ ಯಂತ್ರ ನಿಂತ ರೋಗಿಗಳಿಗೆ ದಾದಿಯರು ಕೈಯಿಂದಲೇ ಚೀಲವನ್ನು ಒತ್ತುತ್ತ ಉಸಿರು ಕೊಟ್ಟರು. ಹಲವು ಕಟ್ಟಡಗಳಲ್ಲಿ ಜನರೇಟರುಗಳೇನೋ ನೀರಿಗೆ ಸಿಗದ ಎತ್ತರದಲ್ಲಿದ್ದವು. ಆದರೆ ಆ ವಿದ್ಯುತ್ತನ್ನು ಕಟ್ಟಡಕ್ಕೆ ಹಂಚುವ ಸ್ವಿಚ್ಚುಗಳ ಫಲಕಗಳು ನೆಲಮಾಳಿಗೆಯಲ್ಲಿದ್ದವು. ಪರ್ಯಾಯ ವ್ಯವಸ್ಥೆ ಇತ್ತು, ಆದರೆ ಅದೂ ಅದೇ ನೀರಿನ ದಾರಿಯಲ್ಲಿತ್ತು. ದತ್ತಾಂಶದ ಬ್ಯಾಕಪ್ ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದರ ರೋಗನಿದಾನವೂ ಬಹುಪಾಲು ಇದೇ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂದು ನಾವು ನಗುವುದುಂಟು. ಹ್ಯೂಸ್ಟನ್ನಿನವರು ಹಾಕಿದ ಬಾಗಿಲು ಮಾತ್ರ ವ್ಯರ್ಥವಾಗಲಿಲ್ಲ. ಸುರಂಗಮಾರ್ಗಗಳಿಗೂ ನೆಲಮಾಳಿಗೆಗಳಿಗೂ ಅವರು ಭಾರಿ ಜಲನಿರೋಧಕ ಬಾಗಿಲುಗಳನ್ನು ಕೂರಿಸಿದರು, ವಿದ್ಯುತ್ ಉಪಕರಣಗಳನ್ನು ಮೇಲಕ್ಕೆ ಸಾಗಿಸಿದರು. 2017ರ ಆಗಸ್ಟ್‌ನಲ್ಲಿ ‘ಹಾರ್ವೆ’ ಬಂದು ಆಲಿಸನ್‌ಗಿಂತಲೂ ಹೆಚ್ಚು ಮಳೆ ಸುರಿದಾಗ ಅಲ್ಲಿನ ಬಹುಪಾಲು ಆಸ್ಪತ್ರೆಗಳು ಕೆಲಸ ಮಾಡುತ್ತಲೇ ಇದ್ದವು.

ಈ ಎರಡು ಪ್ರವಾಹಗಳ ನಡುವೆ, 2005ರ ಆಗಸ್ಟ್ ಕೊನೆಯಲ್ಲಿ, ‘ಕತ್ರೀನಾ’ ನೆರೆಯ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತು. ನಿರಾಶ್ರಿತರು ಬಸ್ಸುಗಳಲ್ಲಿ ಹ್ಯೂಸ್ಟನ್ನಿಗೂ ಡಾಲಸ್‌ಗೂ ಬಂದಿಳಿದರು. ‘ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಿರಿ?’ ಎಂದರೆ ‘ಬೆಳಿಗ್ಗೆ ಒಂದು ಬಿಳಿಯದು, ರಾತ್ರಿ ಒಂದು ಹಳದಿಯದು’ ಎಂಬುದಷ್ಟೇ ಅನೇಕರ ಉತ್ತರ. ಅವರ ಕಾಗದದ ಕಡತಗಳು ಕೆಸರುನೀರಿನಲ್ಲಿ ಕೊಳೆಯುತ್ತಿದ್ದವು. ಕ್ಯಾನ್ಸರ್ ಚಿಕಿತ್ಸೆಯ ನಡುವೆ ಇದ್ದವನಿಗೆ ಎಷ್ಟನೆಯ ಸುತ್ತು ಮುಗಿದಿದೆ, ಯಾವ ಔಷಧ ಎಷ್ಟು ಪ್ರಮಾಣದಲ್ಲಿ ಸಂದಿದೆ ಎಂದು ತಿಳಿಯದೆ ಮುಂದಿನ ಸೂಜಿ ಚುಚ್ಚುವ ಧೈರ್ಯ ಯಾವ ವೈದ್ಯನಿಗೆ ಬಂದೀತು? ಮಾಜಿ ಸೈನಿಕರ ಸ್ಥಿತಿ ಮಾತ್ರ ಬೇರೆಯಾಗಿತ್ತು. ಅವರ ಆಸ್ಪತ್ರೆಗಳು ಆ ಹೊತ್ತಿಗಾಗಲೇ ಗಣಕದಲ್ಲಿ ದಾಖಲೆ ಇಡುತ್ತಿದ್ದವು. ನ್ಯೂ ಆರ್ಲಿಯನ್ಸಿನ ಪ್ರತಿಯನ್ನು ಟೇಪುಗಳಲ್ಲಿ ಹ್ಯೂಸ್ಟನ್ನಿಗೆ ತಂದು ಕೆಲವೇ ದಿನಗಳಲ್ಲಿ ಮತ್ತೆ ತೆರೆಯಲಾಯಿತು. ಊರು ಬಿಟ್ಟು ಬಂದ ಸೈನಿಕನ ರಕ್ತದೊತ್ತಡದ ಚರಿತ್ರೆ ಅವನೊಡನೆಯೇ ಬಂದಿತ್ತು.

ನಾನು ವೃತ್ತಿ ನಡೆಸುವ ಕಾಪೆಲ್, ಡಾಲಸ್ ವಿಮಾನ ನಿಲ್ದಾಣದ ಬಡಗಣ ಮಗ್ಗುಲಲ್ಲಿರುವ ಪುಟ್ಟ ಊರು. ಇಲ್ಲಿ ಸಮುದ್ರವಿಲ್ಲ, ಆದರೆ ಸುಂಟರಗಾಳಿಯಿದೆ. 2019ರ ಅಕ್ಟೋಬರ್ 20ರ ರಾತ್ರಿ ಉತ್ತರ ಡಾಲಸ್ಸಿನ ಮೂಲಕ ಹಾದುಹೋದ ಸುಂಟರಗಾಳಿ ಮನೆ, ಅಂಗಡಿ, ಶಾಲೆಗಳ ಛಾವಣಿಗಳನ್ನು ಕಿತ್ತೊಯ್ದಿತು. ಈ ಸೀಮೆಯಲ್ಲಿ ದಂತವೈದ್ಯಶಾಲೆ, ಔಷಧದಂಗಡಿ, ಲೆಕ್ಕಪತ್ರದ ಕಚೇರಿ, ಹೋಟೆಲು ನಡೆಸುವ ಕನ್ನಡಿಗರಿದ್ದಾರೆ. ಮುಂದೆ ಬರಬೇಕೆಂದಿರುವವರಲ್ಲಿಯೂ ಕೆಲವರಿಗೆ ಸ್ವಂತ ಉದ್ಯೋಗದ ಕನಸಿದ್ದೀತು. ವೈದ್ಯರಾಗಿ ಬರುವವರಿಗೆ ಒಂದು ಮಾತು: ಇಲ್ಲಿ ರೋಗಿಗಳ ವಿದ್ಯುನ್ಮಾನ ದಾಖಲೆಯ ನಿಖರವಾದ, ಮರಳಿ ಪಡೆಯಬಲ್ಲ ಪ್ರತಿಯನ್ನು ಇಡುವುದು ನಮ್ಮ ವಿವೇಚನೆಗೆ ಬಿಟ್ಟ ಸಂಗತಿಯಲ್ಲ. ಅದು ಕೇಂದ್ರ ಸರ್ಕಾರದ ಕಾನೂನಿನ ಕಟ್ಟಳೆ. ಟೆಕ್ಸಸ್ ವೈದ್ಯಕೀಯ ಮಂಡಳಿಯ ನಿಯಮದಂತೆ ವಯಸ್ಕ ರೋಗಿಯ ದಾಖಲೆಯನ್ನು ಕೊನೆಯ ಚಿಕಿತ್ಸೆಯ ದಿನದಿಂದ ಕನಿಷ್ಠ 7 ವರ್ಷ ಕಾಪಾಡಬೇಕು.

ಹೇಗೆ ಕಾಪಾಡುವುದು? ಪ್ರಚಲಿತ ಸೂತ್ರ ಸರಳವಾಗಿದೆ. ಮೂಲವೂ ಸೇರಿ ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಇದನ್ನು ‘3-2-1’ ಎನ್ನುತ್ತಾರೆ. ಇದರಲ್ಲಿ ನಮಗೆ ಹೊಸತೇನೂ ಇಲ್ಲ. ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳಷ್ಟೆ. ಅವಳು ಮಾಡಿದ್ದು ಶಾಸ್ತ್ರದಾನ. ಆದರೆ ಗೆದ್ದಲು, ಬೆಂಕಿ, ಮಳೆಗಳ ನಡುವೆ ಗ್ರಂಥವೊಂದು ಉಳಿಯಬೇಕಾದರೆ ಅದು ಹಲವು ಊರುಗಳಲ್ಲಿರಬೇಕೆಂಬ ತಿಳಿವಳಿಕೆ ಹತ್ತನೆಯ ಶತಮಾನದ ಕನ್ನಡನಾಡಿಗೆ ಇರಲಿಲ್ಲವೆಂದು ಹೇಳಲಾರೆ.

ಸೂತ್ರ ಹೇಳದೆ ಬಿಡುವುದು ‘ಬೇರೆ ಸ್ಥಳ’ವೆಂದರೆ ಎಷ್ಟು ದೂರವೆಂಬುದನ್ನು. ಪಕ್ಕದ ಬೀದಿಯ ಬ್ಯಾಂಕ್ ಲಾಕರ್ ಸಾಲದೆಂಬುದು ಸುಲಭವಾಗಿ ಹೊಳೆಯುತ್ತದೆ. ಡಾಲಸ್ಸಿನವರು ಆಸ್ಟಿನ್ನಿನಲ್ಲಿ ಪ್ರತಿ ಇಟ್ಟರೆ? ರಸ್ತೆಯಲ್ಲಿ ಮೂರು ಗಂಟೆಗೂ ಮಿಗಿಲಾದ ದೂರ. ಆಸ್ಟಿನ್ನಿಗೆ ಹ್ಯೂಸ್ಟನ್ನಿನ ಚಂಡಮಾರುತದ ಭಯವೂ ಅಷ್ಟಿಲ್ಲ. ಸಾಕೆಂದು ತೋರುತ್ತದೆ. 2021ರ ಫೆಬ್ರವರಿ ಆ ಲೆಕ್ಕವನ್ನು ತಲೆಕೆಳಗು ಮಾಡಿತು. ಟೆಕ್ಸಸ್ಸಿನ ಬಹುಭಾಗಕ್ಕೆ ‘ಎರ್ಕಾಟ್’ ಎಂಬ ಸಂಸ್ಥೆ ನಿರ್ವಹಿಸುವ ತನ್ನದೇ ವಿದ್ಯುತ್ ಜಾಲವಿದೆ. ದೇಶದ ಉಳಿದ ಜಾಲಗಳೊಡನೆ ಅದಕ್ಕೆ ಅಲ್ಪ ಸಂಪರ್ಕ ಮಾತ್ರ. ಹಿಮಗಾಳಿಗೆ ವಿದ್ಯುತ್ ಸ್ಥಾವರಗಳೂ ಅನಿಲದ ಪೂರೈಕೆಯೂ ಕುಸಿದಾಗ ಡಾಲಸ್, ಆಸ್ಟಿನ್, ಹ್ಯೂಸ್ಟನ್ ಮೂರೂ ಏಕಕಾಲದಲ್ಲಿ ಕತ್ತಲೆಗೆ ಬಿದ್ದವು. ಇಡೀ ಜಾಲವೇ ಕುಸಿಯಲು 4 ನಿಮಿಷ 37 ಸೆಕೆಂಡುಗಳಷ್ಟೇ ಉಳಿದಿದ್ದವೆಂದು ಎರ್ಕಾಟ್ ಆಮೇಲೆ ತಿಳಿಸಿತು. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ 246 ಮಂದಿ ಮಡಿದರು. ಆದ್ದರಿಂದ ಟೆಕ್ಸಸ್ಸಿನ ವ್ಯಾಪಾರಿ ತನ್ನ ದೂರದ ಪ್ರತಿಯನ್ನು ಈ ಜಾಲದ ಆಚೆಗಿನ ರಾಜ್ಯದಲ್ಲಿ ಇಡುವುದು ಲೇಸು. ಬ್ಯಾಕಪ್ ಸೇವೆ ಮಾರಲು ಬರುವ ಯುವಕರನ್ನು ನಾನು ಕೇಳುವ ಮೊದಲ ಪ್ರಶ್ನೆಯೇ ‘ನಿಮ್ಮ ಡೇಟಾ ಸೆಂಟರ್ ಯಾವ ರಾಜ್ಯದಲ್ಲಿದೆ?’ ಎಂಬುದು. ‘ಅದು ಕ್ಲೌಡ್‌ನಲ್ಲಿದೆ ಡಾಕ್ಟರ್’ ಎನ್ನುತ್ತಾರೆ. ಮೋಡಕ್ಕೂ ಒಂದು ವಿಳಾಸವಿರುತ್ತದೆ!

ನೀರು, ಗಾಳಿ, ಹಿಮಗಳಿಗಿಂತ ಹತ್ತಿರದ ಅಪಾಯ ಮನುಷ್ಯನ ಬೆರಳು. 2021ರಲ್ಲಿ ಡಾಲಸ್ ನಗರಾಡಳಿತದ ನೌಕರನೊಬ್ಬ ಪೊಲೀಸ್ ಇಲಾಖೆಯ ಕಡತಗಳನ್ನು ಕ್ಲೌಡ್‌ನಿಂದ ನಗರದ ಸ್ವಂತ ಡೇಟಾ ಸೆಂಟರಿಗೆ ಸಾಗಿಸುವಾಗ ಸುಮಾರು 22 ಟೆರಾಬೈಟ್‌ಗಳು ಅಳಿಸಿಹೋದವು. ಬಹುಪಾಲು ಮರಳಿ ಸಿಕ್ಕಿತಾದರೂ ಸುಮಾರು 8 ಟೆರಾಬೈಟ್‌ಗಳು ಸಿಗಲಿಲ್ಲ. ಅವುಗಳಲ್ಲಿ ಅಪರಾಧ ಪ್ರಕರಣಗಳ ಸಾಕ್ಷ್ಯಗಳಿದ್ದವು. ಕೊಲೆ ಮೊಕದ್ದಮೆಯೊಂದರ ವಿಚಾರಣೆಯೇ ಮುಂದಕ್ಕೆ ಹೋಯಿತು. ಎರಡು ವರ್ಷಗಳ ತರುವಾಯ, 2023ರ ಮೇ ತಿಂಗಳಲ್ಲಿ, ಅದೇ ನಗರದ ಗಣಕಗಳಿಗೆ ಸುಲಿಗೆಕೋರರು ಬೀಗ ಜಡಿದರು. ನ್ಯಾಯಾಲಯದಿಂದ ಗ್ರಂಥಾಲಯದವರೆಗೆ ಕೆಲಸ ಅಸ್ತವ್ಯಸ್ತವಾಗಿ, ಸರಿಪಡಿಸುವುದಕ್ಕೆ ನಗರಸಭೆ 85 ಲಕ್ಷ ಡಾಲರ್ ಮಂಜೂರು ಮಾಡಬೇಕಾಯಿತು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಗೆ ಇದೇ ಗತಿಯಾಗಿ ಹೊರರೋಗಿಗಳ ಚೀಟಿಯನ್ನು ಕೈಯಲ್ಲಿ ಬರೆದದ್ದು ಓದುಗರಿಗೆ ನೆನಪಿದ್ದೀತು. ಸುಲಿಗೆಕೋರರು ಮೊದಲು ಹುಡುಕುವುದೇ ಬ್ಯಾಕಪ್ಪನ್ನು. ಜಾಲಕ್ಕೆ ಸದಾ ತಗುಲಿಕೊಂಡಿರುವ ಪ್ರತಿ ಮೂಲದೊಡನೆಯೇ ಕೆಡುತ್ತದೆ. ಒಂದು ಪ್ರತಿಯಾದರೂ ತಂತಿ ಕಳಚಿ ಕಪಾಟಿನಲ್ಲಿರಬೇಕು.

ನಮ್ಮ ಚಿಕಿತ್ಸಾಲಯದಲ್ಲಿ ಮೂರು ತಿಂಗಳಿಗೊಮ್ಮೆ ಒಂದು ಮಧ್ಯಾಹ್ನ ಬೇರೊಂದು ಖಾಲಿ ಗಣಕದ ಮೇಲೆ ಪ್ರತಿಯನ್ನು ಮರಳಿ ತೆರೆಯುತ್ತೇವೆ. ಯಾವುದೋ ಐವರು ರೋಗಿಗಳನ್ನು ಆರಿಸಿ, ಹಳೆಯ ಇ.ಸಿ.ಜಿ. ಚಿತ್ರ ಕಾಣುತ್ತದೆಯೆ, ಔಷಧಗಳ ಪಟ್ಟಿ ಪೂರ್ಣವಾಗಿದೆಯೆ ಎಂದು ನೋಡುತ್ತೇವೆ. ‘ಬ್ಯಾಕಪ್ ಯಶಸ್ವಿ’ ಎಂದು ಪ್ರತಿ ರಾತ್ರಿ ಬರುವ ಹಸಿರು ಸಂದೇಶಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ನಾಡಿ ಹಿಡಿಯದೆ ರೋಗಿ ಕುಶಲವೆಂದು ಬರೆದಂತೆ ಅದು. ವಸಂತದ ಗಾಳಿಯ ತಿಂಗಳುಗಳಲ್ಲಿ ಮರುದಿನ ಬರಲಿರುವವರ ಔಷಧಪಟ್ಟಿಯನ್ನು ಕಾಗದದ ಮೇಲೆ ಅಚ್ಚುಮಾಡಿಯೂ ಇಡುತ್ತೇವೆ. ಸಿಬ್ಬಂದಿಯ ಕಿರಿಯರಿಗೆ ಇದು ಮುದುಕರ ಗೀಳಾಗಿ ಕಾಣುತ್ತದೆ.

ಊರಿನಲ್ಲಿರುವ ಹಿರಿಯರಿಗೂ ಇದರಲ್ಲಿ ಒಂದು ಪಾಲಿದೆ. ಆರು ತಿಂಗಳಿಗೆಂದು ಮಕ್ಕಳ ಮನೆಗೆ ಬರುವ ತಂದೆತಾಯಿಯರು ಚೀಲದ ತುಂಬ ಮಾತ್ರೆ ತರುತ್ತಾರೆ, ಕಡತವನ್ನು ಮೈಸೂರಿನ ಗೋದ್ರೆಜ್ ಬೀರುವಿನಲ್ಲಿ ಬಿಟ್ಟುಬರುತ್ತಾರೆ. ಎದೆನೋವೆಂದು ರಾತ್ರಿ ಎರಡು ಗಂಟೆಗೆ ಇಲ್ಲಿನ ತುರ್ತು ವಿಭಾಗಕ್ಕೆ ಹೋದಾಗ, ಸ್ಟೆಂಟ್ ಹಾಕಿದ್ದು ಯಾವ ರಕ್ತನಾಳಕ್ಕೆ ಎಂಬ ಪ್ರಶ್ನೆಗೆ ಮಗನ ಬಳಿ ಉತ್ತರವಿರುವುದಿಲ್ಲ. ಬೀರುವಿನ ಬೀಗದಕೈ ಪಕ್ಕದ ಮನೆಯವರ ಹತ್ತಿರ! ಹೊರಡುವ ಮುನ್ನ ಆಸ್ಪತ್ರೆಯ ಬಿಡುಗಡೆ ಪತ್ರ, ಕೊನೆಯ ಇ.ಸಿ.ಜಿ., ರಕ್ತಪರೀಕ್ಷೆಗಳನ್ನು ಸ್ಕ್ಯಾನ್ ಮಾಡಿಸಿ ಮಗನಿಗೂ ಮಗಳಿಗೂ ಇಮೇಲ್ ಮಾಡಿ. ಒಂದು ಕಾಗದದ ಪ್ರತಿ ಕೈಚೀಲದಲ್ಲಿರಲಿ, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಬೇಡ. ಔಷಧಗಳನ್ನು ಕಂಪನಿಯಿಟ್ಟ ಹೆಸರಿನೊಡನೆ ಮೂಲವಸ್ತುವಿನ ಹೆಸರಿನಲ್ಲಿಯೂ, ಎಷ್ಟು ಮಿಲಿಗ್ರಾಂ ಎಂಬುದನ್ನೂ ಸೇರಿಸಿ ಬರೆಸಿಕೊಳ್ಳಿ. ‘ಇಕೋಸ್ಪ್ರಿನ್’ ಎಂದರೆ ಡಾಲಸ್ಸಿನ ವೈದ್ಯನಿಗೆ ತಿಳಿಯದಿರಬಹುದು, ‘ಆಸ್ಪಿರಿನ್ 75 ಮಿಲಿಗ್ರಾಂ’ ಎಂದರೆ ತಿಳಿಯುತ್ತದೆ.