ತಲೆಬರಹದಿಂದ ತಲೆಬರಹಕ್ಕೆ

ನಮ್ಮ ಸಂಘಗಳ ಸ್ಮರಣ ಸಂಚಿಕೆಯನ್ನು ಸಿದ್ಧಪಡಿಸಿದವರಿಗೆ ಈ ಪಾಡು ಚೆನ್ನಾಗಿ ಗೊತ್ತು. ನಲವತ್ತು ಲೇಖನಗಳು, ಮುನ್ನೂರು ಪುಟಗಳು, ಎಲ್ಲವೂ ಒಂದೇ ವರ್ಡ್ ಕಡತದಲ್ಲಿ. ಮೂವತ್ತೊಂದನೆಯ ಲೇಖನದಲ್ಲಿ ತಮ್ಮ ತಂದೆಯವರ ಹೆಸರು ತಪ್ಪಾಗಿದೆಯೆಂದು ಒಬ್ಬರು ದೂರವಾಣಿ ಮಾಡುತ್ತಾರೆ. ಮೌಸಿನ ಚಕ್ರ ತಿರುಗಿಸಿ ಬೆರಳು ಸೋತರೂ ಲೇಖನ ಸಿಕ್ಕುವುದಿಲ್ಲ. ಮುದ್ರಣಾಲಯದವರೋ ಕಾದು ಕುಳಿತಿರುತ್ತಾರೆ.

ವ್ಯೂ ಪಟ್ಟಿಯ ನ್ಯಾವಿಗೇಷನ್ ಪೇನ್ ತೆರೆದರೆ ತಲೆಬರಹಗಳೆಲ್ಲ ಎಡಕ್ಕೆ ಸಾಲಾಗಿ ಕಾಣುವುವು, ನಿಜ. ಆದರೆ ನಮ್ಮ ಹಿರಿಯ ಲೇಖಕರ ಬರಹಗಳು ಇಂದಿಗೂ ನುಡಿಯ ಹಳೆಯ ಆಸ್ಕಿ ಅಕ್ಷರಗಳಲ್ಲಿ ಬರುವುದುಂಟು. ಅವು ಒಳಗೆ ಕನ್ನಡವೇ ಅಲ್ಲ. ರೋಮನ್ ಸಂಕೇತಗಳಿಗೆ ಫಾಂಟು ತೊಡಿಸಿದ ಕನ್ನಡದ ವೇಷ. ಪೇನಿನಲ್ಲಿ ಆ ವೇಷ ಕಳಚಿ, ಅರ್ಥವಿಲ್ಲದ ಅಕ್ಷರಗಳ ರಾಶಿಯಷ್ಟೇ ಉಳಿಯುತ್ತದೆ. ಯೂನಿಕೋಡ್ ಬರಹಕ್ಕೆ ಈ ದುರ್ಗತಿಯಿಲ್ಲ.

ಇಲ್ಲಿ ನೆರವಿಗೆ ಬರುವುದು ಮ್ಯಾಕ್ರೋ. ನಾವು ಒಮ್ಮೆ ಮಾಡಿದ ಕೆಲಸವನ್ನು ವರ್ಡ್ ಬರೆದಿಟ್ಟುಕೊಂಡು, ಕೀಲಿಯೊತ್ತಿದಾಗಲೆಲ್ಲ ಪುನಃ ಮಾಡುವ ಏರ್ಪಾಡು ಅದು. ವ್ಯೂ ಪಟ್ಟಿಯ ಮ್ಯಾಕ್ರೋಸ್‌ನಲ್ಲಿ ರೆಕಾರ್ಡ್ ಮ್ಯಾಕ್ರೋ ಆರಿಸಿ, ಹೆಸರಿಟ್ಟು, ಕೀಬೋರ್ಡ್ ಗುಂಡಿಯನ್ನೊತ್ತಿ, ಬೇರೆ ಕೆಲಸಕ್ಕೆ ಬಳಸದ ಕೀಲಿಗಳ ಜೋಡಿಯೊಂದನ್ನು ಅದಕ್ಕೆ ಗೊತ್ತುಮಾಡಬೇಕು. ಬಳಿಕ ಎಫ್5 ಒತ್ತಿ, ಗೋ ಟು ಪಟ್ಟಿಯಲ್ಲಿ ಹೆಡಿಂಗ್ ಆರಿಸಿ, ನೆಕ್ಸ್ಟ್ ಒಮ್ಮೆ ಒತ್ತಿ, ಮುಚ್ಚಿ, ರೆಕಾರ್ಡಿಂಗ್ ನಿಲ್ಲಿಸಿದರಾಯಿತು. ಪ್ರೀವಿಯಸ್ ಒತ್ತಿ ಇಂಥದೇ ಇನ್ನೊಂದನ್ನು ಮಾಡಿಟ್ಟರೆ ಹಿಂದಕ್ಕೂ ಹಾರಬಹುದು. ಉಪಶೀರ್ಷಿಕೆಗಳಿಗೆ ಹೆಡಿಂಗ್ 2 ಕೊಟ್ಟಿದ್ದರೆ ಅಲ್ಲಿಯೂ ನಿಲ್ಲುತ್ತದೆ, ಅದನ್ನು ಸಹಿಸಬೇಕು.

ಆದರೆ ಒಂದು ನಿಯಮವುಂಟು. ಅಕ್ಷರವನ್ನು ದಪ್ಪ ಮಾಡಿದ ಮಾತ್ರಕ್ಕೆ ಅದು ತಲೆಬರಹವೆಂದು ವರ್ಡ್ ಒಪ್ಪುವುದಿಲ್ಲ. ಹೆಡಿಂಗ್ 1 ಶೈಲಿಯನ್ನೇ ಕೊಡಬೇಕು. ಕಂಟ್ರೋಲ್, ಆಲ್ಟ್, 1 ಒಟ್ಟಿಗೆ ಒತ್ತಿದರೆ ಸಾಕು. ನುಡಿಯ ಹಳೆಯ ಬರಹವಾದರೆ ಅದಕ್ಕೂ ಮುನ್ನ ಆ ಶೈಲಿಯ ಫಾಂಟನ್ನು ನುಡಿಯದಕ್ಕೆ ಬದಲಿಸಿಕೊಳ್ಳಿ. ಇಲ್ಲವಾದರೆ ಪುಟದ ಮೇಲಿನ ತಲೆಬರಹವೂ ಗೋಜಲಾಗಿ, ಮೊದಲಿನ ತೊಂದರೆಗೆ ಎರಡನೆಯದು ಸೇರುತ್ತದೆ! ನಲವತ್ತು ತಲೆಬರಹಗಳಿಗೆ ಹೀಗೆ ಶೈಲಿ ಕೊಡಲು ಅರ್ಧ ಗಂಟೆ ಹಿಡಿಯಬಹುದು. ಅದನ್ನು ಲೇಖನಗಳು ಕೈಸೇರಿದ ದಿನವೇ ಮುಗಿಸುವುದು ಲೇಸು.

ಮ್ಯಾಕ್ರೋ ಎಂದೊಡನೆ ಕೆಲವರು ಬೆದರುವುದಕ್ಕೆ ಕಾರಣವಿದೆ. 1999ರಲ್ಲಿ ಮೆಲಿಸ್ಸಾ ಎಂಬ ವೈರಸ್ಸು ವರ್ಡ್ ಕಡತದ ಮ್ಯಾಕ್ರೋದಲ್ಲಿ ಅಡಗಿಯೇ ಮಿಂಚಂಚೆಯ ಮೂಲಕ ಹಬ್ಬಿತು. ಅಪರಿಚಿತರು ಕಳುಹಿಸಿದ ಕಡತದ ಮ್ಯಾಕ್ರೋಗಳನ್ನು ಚಾಲೂ ಮಾಡಬಾರದು. ನಾವೇ ರೆಕಾರ್ಡ್ ಮಾಡಿದುದಕ್ಕೆ ಆ ಭಯವಿಲ್ಲ. ಅದನ್ನು ನಾರ್ಮಲ್ ಟೆಂಪ್ಲೇಟಿನಲ್ಲಿ ಉಳಿಸಿದರೆ ಮುಂದಿನ ವರ್ಷದ ಸಂಚಿಕೆಗೂ ಅದೇ ಕೀಲಿ ಒದಗುತ್ತದೆ.